ಓದುಗರ ಪ್ರಶ್ನೆ, ಅಕ್ಕನ ಉತ್ತರ: ಚಿತ್ರ ಬರೆಯಲು ಬಾರದವರ ಚಿತ್ರದ ಡೈರಿ

ಕಳೆದ ಸಂಚಿಕೆಯಲ್ಲಿ ಆರ್ಟ್ ಜರ್ನಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ದಿನಾ ಒಂದು ಪುಟದಲ್ಲಿ ಸ್ವಲ್ಪ ಬಣ್ಣ, ಸ್ವಲ್ಪ ಗೆರೆ, ಒಂದೆರಡು ಮಾತು. ದೇವರ ಮುಂದೆಯೋ ನಮ್ಮ ಒಳಮನಸ್ಸಿನ ಮುಂದೆಯೋ ಇದ್ದದ್ದನ್ನು ಇದ್ದ ಹಾಗೆ ಇಡುವುದು. ಅಷ್ಟಕ್ಕೇ ಬಹಳ ಪತ್ರಗಳು ಬಂದಿವೆ. ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಅಕ್ಕ, ನನಗೆ 48 ವರ್ಷ. ದಿನಾ ಬೆಳಿಗ್ಗೆ ದೀಪ ಹಚ್ಚಿ ಪೂಜೆ ಮಾಡುತ್ತೇನೆ. ಬಾಯಿ ಶ್ಲೋಕ ಹೇಳುತ್ತಿರುತ್ತದೆ, ಮನಸ್ಸು ಒಲೆ ಮೇಲಿನ ಕುಕ್ಕರ್ ಹತ್ತಿರ ಇರುತ್ತದೆ. ದೇವರ ಹತ್ತಿರ ನನ್ನದೇ ಮಾತು ಆಡಿ ಎಷ್ಟು ವರ್ಷವಾಯಿತೋ ಗೊತ್ತಿಲ್ಲ. ಮಗಳು ಆರ್ಟ್ ಜರ್ನಲ್ ಮಾಡು ಅಂತ ಚಂದದ ಪುಸ್ತಕ ತಂದುಕೊಟ್ಟಳು. ನಾಲ್ಕು ಪುಟ ಆಯಿತು, ನಿಂತುಹೋಯಿತು. ಮತ್ತೆ ಶುರು ಮಾಡಿದೆ, ಮತ್ತೆ ನಿಂತಿತು. ನನಗೆ ರಂಗೋಲಿ ಬರುತ್ತದೆ ಅಷ್ಟೇ, ಚಿತ್ರ ಬರುವುದಿಲ್ಲ. ಇದು ನನ್ನ ಕೈಲಾಗುವ ಕೆಲಸವಾ?
(ಗೃಹಿಣಿ, ಸಾಗರ)

ಉತ್ತರ: ರಂಗೋಲಿ ಬರುತ್ತದೆ ಅಂದ ಮೇಲೆ ಅರ್ಧ ಕೆಲಸ ಮುಗಿಯಿತು ತಂಗಿ. ನೀವಿರುವ ಊರು ಯಾವುದು ನೋಡಿ! ನಿಮ್ಮ ಸಾಗರ, ಸೊರಬದ ಸುತ್ತಲಿನ ಹಳ್ಳಿಗಳಲ್ಲಿ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರಲ್ಲ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಭೂಮಿತಾಯಿಯ ಪೂಜೆಯ ಭೂಮಿ ಹುಣ್ಣಿಮೆ ಬಂತು ಅಂದರೆ, ಆ ಹಬ್ಬಕ್ಕೆ ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಚಿತ್ತಾರ. ಅಲ್ಲಿ ಇರುವುದು ಏನು? ಗೆರೆ, ಚೌಕ, ತ್ರಿಕೋನ, ಅವುಗಳ ಸಾಲು. ಡ್ರಾಯಿಂಗ್ ಕ್ಲಾಸಿಗೆ ಹೋಗಿ ಕಲಿತವರಲ್ಲ ಅವರು. ಮದುವೆಗೆ, ಹಬ್ಬಕ್ಕೆ, ಭೂಮಿತಾಯಿಗೆ ಅಂತ ಬರೆದರು. ಬರೆಯುವುದೇ ಪೂಜೆಯ ಒಂದು ಭಾಗ.

ಚಿತ್ರ ಬಾರದು ಅನ್ನುವ ಚಿಂತೆಗೆ ಇನ್ನೊಂದು ಮಾತು ಹೇಳುತ್ತೇನೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಜೊತೆಯವರು 39 ಜನ ದೊಡ್ಡವರನ್ನು ಕೂರಿಸಿ 45 ನಿಮಿಷ ಬಣ್ಣ, ಮಣ್ಣು, ಕಾಗದ ಕೊಟ್ಟು ಏನಾದರೂ ಮಾಡಿ ಅಂದರು. ಮೊದಲು ಮತ್ತು ಆಮೇಲೆ ಎಂಜಲು ಪರೀಕ್ಷೆ ಮಾಡಿ ಕಾರ್ಟಿಸಾಲ್ ಅಳೆದರು, ಅಂದರೆ ಒತ್ತಡ ಹೆಚ್ಚಾದಾಗ ಏರುವ ಹಾರ್ಮೋನು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. 2016ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನಗೆ ಇಷ್ಟವಾದ ಸಂಗತಿ ಬೇರೆ. ಮೊದಲೇ ಚಿತ್ರ ಕಲಿತವರಿಗೂ ಕುಂಚವನ್ನೇ ಹಿಡಿಯದವರಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಅಧ್ಯಯನ, ಒಂದೇ ಸಲದ್ದು, ನಿಜ. ಆದರೂ "ನನಗೆ ಬರಲ್ಲ" ಅಂತ ಹಿಂದೆ ಸರಿಯುವವರಿಗೆ ಇಷ್ಟು ಧೈರ್ಯ ಸಾಕು ಅಲ್ವಾ?

ಇನ್ನು ನಿಮ್ಮದು ಯಾಕೆ ನಿಂತಿತು? ಪುಸ್ತಕ ಜಾಸ್ತಿ ಚಂದ ಇತ್ತು. ಒಳ್ಳೆ ಪುಸ್ತಕ ಕೆಡಿಸಬಾರದು ಅಂತ ಕೈ ಹೆದರುತ್ತದೆ. ಅದನ್ನು ಸದ್ಯಕ್ಕೆ ಎತ್ತಿಡಿ. ಮಕ್ಕಳು ಬಳಸುವ ಸಾದಾ ಡ್ರಾಯಿಂಗ್ ಬುಕ್ ತನ್ನಿ. ಇಡೀ ಪುಟ ತುಂಬಿಸಬೇಡಿ. ಅಂಗೈ ಅಗಲದ ಒಂದು ಚೌಕ ಹಾಕಿ, ಅದರೊಳಗೆ ಮಾತ್ರ ಬರೆಯಿರಿ. ಹೊತ್ತು ಹುಡುಕುವ ಕೆಲಸವೂ ಬೇಡ. ದೀಪ ಹಚ್ಚುತ್ತೀರಲ್ಲ, ಹಚ್ಚಿದ ಮೇಲೆ ಅಲ್ಲೇ ಐದು ನಿಮಿಷ ಕೂತುಬಿಡಿ. ಪುಸ್ತಕ ದೇವರ ಗೂಡಿನ ಕೆಳಗೇ ಇರಲಿ, ಪೆನ್ಸಿಲ್, ಕ್ರೇಯಾನ್ ಅದರ ಜೊತೆಗೇ ಇರಲಿ. ಎದ್ದು ಹೋಗಿ ತರಬೇಕು ಅಂತಾದರೆ ಆ ದಿನ ಮುಗಿಯಿತು ಅಂತಲೇ ಲೆಕ್ಕ. ಕುಕ್ಕರ್ ಚಿಂತೆ ಇದ್ದರೆ ಕೂರುವ ಮೊದಲೇ ಒಲೆ ಆರಿಸಿ.

ಕೂತು ಏನು ಮಾಡುವುದು? ತಾರೀಖು ಹಾಕಿ. ಇವತ್ತಿನ ಮನಸ್ಸಿನ ಬಣ್ಣ ಯಾವುದು ಅನಿಸುತ್ತದೋ ಅದನ್ನು ಚೌಕದೊಳಗೆ ತುಂಬಿ. ಅದರ ಮೇಲೆ ಗೆರೆಯೋ ಚುಕ್ಕಿಯೋ ಕೈ ಹೋದ ಹಾಗೆ ಹೋಗಲಿ. ಕೆಳಗೆ ದೇವರಿಗೆ ಒಂದೇ ಒಂದು ವಾಕ್ಯ ಬರೆಯಿರಿ, ಅದು ಯಾವ ಶ್ಲೋಕದಲ್ಲೂ ಇಲ್ಲದ, ನಿಮ್ಮದೇ ವಾಕ್ಯವಾಗಿರಬೇಕು. "ಇವತ್ತು ಮಂಡಿ ನೋವು" ಅಂತ ಬರೆದರೂ ನಡೆಯುತ್ತದೆ.

ಮೊದಲ ಕೆಲವು ದಿನ ಪುಟಗಳಲ್ಲಿ ದೀಪ, ಕಮಲ, ಓಂ, ಸ್ವಸ್ತಿಕವೇ ಬರುತ್ತವೆ. ಬರಲಿ. ಆಮೇಲೆ ಒಂದು ದಿನ ಕೈ ತಾನಾಗಿ ಬೇರೆ ಏನೋ ಬರೆಯುತ್ತದೆ. ಮುಚ್ಚಿದ ಬಾಗಿಲು, ಬತ್ತಿದ ಬಾವಿ, ಸುಮ್ನೆ ಒಂದು ಗೀಚು. ಇದೇನು ಅಮಂಗಳ ಅಂತ ಹೊಡೆದುಹಾಕಬೇಡಿ. ನೀವು ಇಷ್ಟು ವರ್ಷ ಆಡದೆ ಉಳಿಸಿಕೊಂಡ ಮಾತು ಅಲ್ಲಿಂದಲೇ ಶುರುವಾಗುತ್ತದೆ. ದೇವರ ಮೇಲೆ ಸಿಟ್ಟು ಬಂದರೆ ಅದನ್ನೂ ಬರೆಯಿರಿ. ನಮ್ಮ ಹರಿದಾಸರು ನಿಂದಾಸ್ತುತಿ ಅಂತ ಹಾಡಿ ದೇವರನ್ನೇ ತರಾಟೆಗೆ ತೆಗೆದುಕೊಂಡವರು. ಅವನ ಜೊತೆ ಸಲಿಗೆ ಇದ್ದವರು ಮಾತ್ರ ಹಾಗೆ ಬೈಯಬಲ್ಲರು. ಆ ಸಲಿಗೆ ನಿಮಗೂ ಬೇಕು ಅಂತ ನಿಮ್ಮ ಪತ್ರವೇ ಹೇಳುತ್ತಿದೆ.

ಇನ್ನು ತಪ್ಪಿಹೋಗುವ ದಿನಗಳು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ತಂಡದವರು 96 ಜನರನ್ನು 12 ವಾರ ಗಮನಿಸಿದ್ದರು. ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಎಷ್ಟು ದಿನ ಬೇಕು ಅನ್ನುವುದು ಪ್ರಶ್ನೆ. ಲೆಕ್ಕದ ನಡುಮಧ್ಯ 66 ದಿನ ಬಂತು. ಆದರೆ ಕೆಲವರಿಗೆ 18 ದಿನ ಸಾಕಾಗುತ್ತದೆ, ಕೆಲವರಿಗೆ 254 ದಿನ ಹಿಡಿಯುತ್ತದೆ ಅಂತ ಲೆಕ್ಕ ಹಾಕಿದರು. ಹಾಗಾಗಿ 21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತೆ ಅಂತ ಯಾರಾದರೂ ಹೇಳಿದರೆ ನಂಬಿಕೊಂಡು ಕೂರಬೇಡಿ, 22ನೇ ದಿನ ಬೇಜಾರಾಗುತ್ತದೆ. ಅದೇ ಅಧ್ಯಯನದಲ್ಲಿ ನಡುವೆ ಒಂದು ದಿನ ಬಿಟ್ಟುಹೋದರೆ ದೊಡ್ಡ ನಷ್ಟವೇನೂ ಆಗುವುದಿಲ್ಲ ಅಂತಲೂ ಕಂಡುಬಂತು. ನೆಂಟರು ಬಂದರು, ಜ್ವರ ಬಂತು, ಬಿಟ್ಟುಹೋಯಿತು, ಆಯಿತು. ಮಾರನೆಯ ದಿನ ದೀಪ ಹಚ್ಚಿ ಕೂತುಕೊಳ್ಳಿ. ಬಿಟ್ಟ ದಿನಗಳ ಪುಟ ತುಂಬಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ, ಅದು ಬಾಕಿ ತೀರಿಸಿದ ಹಾಗಾಗಿ ಮನಸ್ಸು ಮತ್ತೆ ಓಡಿಹೋಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹಲವು ವರ್ಷಗಳಿಂದ ರಾಮಕೋಟಿ ಬರೆಯುತ್ತಿದ್ದೇನೆ. ಈಚೆಗೆ ಬರೆಯುವಾಗ ಅಂಚಿನಲ್ಲಿ ಎಲೆ, ಬಳ್ಳಿ, ಹಕ್ಕಿ ಬರೆಯುವ ಆಸೆಯಾಗುತ್ತದೆ. ಜಪದ ಪುಸ್ತಕದಲ್ಲಿ ಹೀಗೆ ಮಾಡಿದರೆ ಅಪಚಾರವಾಗುತ್ತದೆಯೇ?
(ಹಿರಿಯ ಓದುಗರು, ಧಾರವಾಡ)

ಉತ್ತರ: ಗುರುಗಳೇ, ಬಳ್ಳಿ ಬರೆಯುವಾಗ ನಾಮ ಮರೆತುಹೋಗುತ್ತದೆಯೋ, ಇನ್ನೂ ಒಳಗೆ ಇಳಿಯುತ್ತದೆಯೋ? ಇದನ್ನು ನೀವೇ ಎರಡು ದಿನ ನೋಡಿ ಹೇಳಬೇಕು. ಇಳಿಯುತ್ತದೆ ಅನಿಸಿದರೆ ನನಗಂತೂ ಅಪಚಾರ ಕಾಣುವುದಿಲ್ಲ. ಲಿಖಿತ ಜಪ ಮಾಡುವವರು ನಾಮವನ್ನೇ ಸಣ್ಣಕ್ಷರದಲ್ಲಿ ಜೋಡಿಸಿ ಆಂಜನೇಯನ ಆಕಾರ, ಶಿವಲಿಂಗದ ಆಕಾರ ಬರುವಂತೆ ಬರೆಯುವುದು ನಮ್ಮಲ್ಲಿ ಹೊಸದೇನಲ್ಲ. ಅಕ್ಷರವೇ ಗೆರೆಯಾಗುತ್ತದೆ ಅಲ್ಲಿ. ನೀವೂ ಹಾಗೇ ಪ್ರಯತ್ನ ಮಾಡಬಹುದು, ಬಳ್ಳಿಯ ಕಾಂಡವೇ ನಾಮದ ಸಾಲಾಗಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ರಾಮಕೋಟಿ ಪುಸ್ತಕ ತುಂಬಿದ ಮೇಲೆ ದೇವಸ್ಥಾನಕ್ಕೆ ಒಪ್ಪಿಸುವ ರೂಢಿ ಇದೆ. ನಿಮ್ಮ ಸ್ವಂತದ ಸಂಕಟ, ಮಕ್ಕಳ ಮೇಲಿನ ಬೇಸರ ಇಂಥವು ಆ ಪುಸ್ತಕದಲ್ಲಿ ಸೇರಿದರೆ ಒಪ್ಪಿಸುವಾಗ ಮನಸ್ಸು ಹಿಂಜರಿಯುತ್ತದೆ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಜಪ ಮುಗಿದ ಕೂಡಲೇ ಆ ಹೊತ್ತಿನ ಮನಸ್ಸು ಹೇಗಿದೆಯೋ ಹಾಗೆ ಅದರಲ್ಲಿ ಒಂದು ಹಕ್ಕಿ ಬರೆಯಿರಿ. ಹಕ್ಕಿ ದಿನಕ್ಕೊಂದು ಥರ ಇರುತ್ತದೆ, ನೋಡುತ್ತಿರಿ.

ಪ್ರಶ್ನೆ: ನನಗೆ ದೇವರಲ್ಲಿ ನಂಬಿಕೆ ಇಲ್ಲ. ಆದರೂ ಒಳಗೆ ಏನೋ ಖಾಲಿ ಅನಿಸುತ್ತೆ. ದಿನವಿಡೀ ಸ್ಕ್ರೀನ್ ಮುಂದೆ ಕೋಡ್ ಬರೆಯುವ ನನಗೆ ಇದರಿಂದ ಏನಾದರೂ ಸಿಗುತ್ತಾ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಸಿಗುತ್ತದೆ ಅಂತ ನನ್ನ ನಂಬಿಕೆ. ಇದಕ್ಕೆ ದೇವರ ಪಟ ಕಡ್ಡಾಯವಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಮೊದಲ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1918-19ರ ಹೊತ್ತಿಗೆ, ಸೈನ್ಯದ ಕೆಲಸದಲ್ಲಿದ್ದಾಗ ಬೆಳಿಗ್ಗೆ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಒಂದು ಚಿಕ್ಕ ವೃತ್ತದ ಚಿತ್ರ ಬರೆಯುತ್ತಿದ್ದ. ಅವತ್ತಿನ ತನ್ನ ಮನಸ್ಸಿನ ಸ್ಥಿತಿ ಆ ವೃತ್ತದಲ್ಲಿ ಕಾಣುತ್ತದೆ ಅಂತ ಅವನಿಗೆ ಅನಿಸಿತು. ಒಮ್ಮೆ ಮನಸ್ಸಿಗೆ ಕಿರಿಕಿರಿಯಾದಾಗ ಬರೆದ ವೃತ್ತ ಒಂದು ಕಡೆ ಒಡೆದಿತ್ತು. ಆಮೇಲೆ ಅವನು ಇದನ್ನು ನಮ್ಮ ಕಡೆಯ ಮಂಡಲಗಳ ಜೊತೆ ಸೇರಿಸಿ ಯೋಚಿಸಿದ. ಕೆಂಪು ಚರ್ಮದ ಹೊದಿಕೆಯ ಒಂದು ದೊಡ್ಡ ಪುಸ್ತಕದಲ್ಲಿ 1930ರವರೆಗೂ ಚಿತ್ರ, ಬರಹ ಮಾಡುತ್ತಲೇ ಇದ್ದ. ಅದನ್ನು ಬದುಕಿರುವಾಗ ಅಚ್ಚು ಹಾಕಿಸಲಿಲ್ಲ. ಅವನು ತೀರಿಕೊಂಡದ್ದು 1961ರಲ್ಲಿ, ಅದು ಪ್ರಕಟವಾದದ್ದು 2009ರಲ್ಲಿ.

ರವೀಂದ್ರನಾಥ ಠಾಕೂರರದ್ದು ಬೇರೆ ದಾರಿ. ಹಸ್ತಪ್ರತಿಯಲ್ಲಿ ಬೇಡವಾದ ಸಾಲು ಹೊಡೆದುಹಾಕುತ್ತಿದ್ದರಲ್ಲ, ಆ ಕಾಟುಗಳನ್ನೇ ಒಂದಕ್ಕೊಂದು ಸೇರಿಸಿ ಹಕ್ಕಿ, ಮುಖ, ವಿಚಿತ್ರ ಪ್ರಾಣಿ ಮಾಡುತ್ತಾ ಹೋದರು. ಚಿತ್ರಕಲೆಗೆ ಅವರು ಗಟ್ಟಿಯಾಗಿ ಇಳಿದದ್ದು ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಆದಾಗ ಎಪ್ಪತ್ತರ ಹತ್ತಿರ ಇದ್ದರು. ಎರಡು ಸಾವಿರಕ್ಕೂ ಜಾಸ್ತಿ ಚಿತ್ರ ಉಳಿಸಿಹೋದರು.

ನೀವು ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಶುರು ಮಾಡಿ. ಒಂದು ಬಟ್ಟಲನ್ನು ಕಾಗದದ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆಯಿರಿ. ನಡುವೆ ಒಂದು ಚುಕ್ಕಿ ಇಟ್ಟು, ಅಲ್ಲಿಂದ ಹೊರಕ್ಕೆ ಕೈ ಹೋದ ಹಾಗೆ ಬಣ್ಣ ತುಂಬುತ್ತಾ ಬನ್ನಿ. ಫೋನಿನಲ್ಲಿ, ಟ್ಯಾಬಿನಲ್ಲಿ ಮಾಡಬೇಡಿ. ಅಲ್ಲಿ ಹಿಂದಕ್ಕೆ ಹೋಗುವ ಬಟನ್ ಇದೆ. ಗೆರೆ ತಪ್ಪಿದರೂ ಅದರ ಜೊತೆಗೇ ಮುಂದೆ ಹೋಗಬೇಕಾದ ಒಂದು ಜಾಗ ದಿನದಲ್ಲಿ ನಿಮಗೆ ಬೇಕು, ಆ ಖಾಲಿತನದ ಹತ್ತಿರ ಕೂರುವುದಕ್ಕೆ. ಅದನ್ನು ತುಂಬಿಸಿಬಿಡಬೇಕು ಅನ್ನುವ ಅವಸರ ಬೇಡ. ಖಾಲಿಯ ಚಿತ್ರವನ್ನೇ ಬರೆಯಿರಿ. ಆತ್ಮ, ಪರಮಾತ್ಮ ಅನ್ನುವ ಹೆಸರು ಇಡುವುದು ಬಿಡುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ಅಕ್ಕ, ನಾನು ಸೆಕೆಂಡ್ ಪಿಯುಸಿ. ವಿಡಿಯೋಗಳಲ್ಲಿ ತೋರಿಸುವ ಪೆನ್ನು, ಟೇಪು, ಪುಸ್ತಕ ಎಲ್ಲ ತುಂಬಾ ದುಬಾರಿ. ಹಾಸ್ಟೆಲ್‌ನಲ್ಲಿದ್ದೇನೆ. ಕಡಿಮೆ ದುಡ್ಡಿನಲ್ಲಿ ಆಗುತ್ತಾ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಆಗುತ್ತದೆ ಪುಟ್ಟಿ. ಆ ವಿಡಿಯೋಗಳನ್ನು ನೋಡುವುದು ಸ್ವಲ್ಪ ಕಡಿಮೆ ಮಾಡು. ಅವು ಸಾಮಾನು ಕೊಳ್ಳುವ ಆಸೆ ಹುಟ್ಟಿಸುತ್ತವೆ, ಪುಟ ಹಾಗೇ ಖಾಲಿ ಉಳಿಯುತ್ತದೆ.

ದುಡ್ಡು ಇದ್ದರೆ ಕಾಗದಕ್ಕೆ ಹಾಕು. ನಿನ್ನ ಕ್ಲಾಸ್ ನೋಟ್‌ಬುಕ್ಕಿನ ಹಾಳೆ ಸಾಮಾನ್ಯವಾಗಿ 60-70 ಜಿಎಸ್‌ಎಂ ಇರುತ್ತದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಇಂಥ ತೆಳು ಹಾಳೆಗೆ ನೀರು ಬಿದ್ದರೆ ಸುಕ್ಕಾಗಿ ಆಚೆ ಬದಿಗೆ ಬಣ್ಣ ಇಳಿಯುತ್ತದೆ. ಪೆನ್ಸಿಲ್, ಬಾಲ್ ಪೆನ್, ಕ್ರೇಯಾನ್ ಮಾತ್ರ ಅಂದರೆ ಅದೇ ಸಾಕು. ಸ್ವಲ್ಪ ನೀರಿನ ಬಣ್ಣ ಹಚ್ಚಬೇಕು ಅಂದರೆ 150 ಜಿಎಸ್‌ಎಂ ಮೇಲಿನದ್ದು ತಗೋ. 300 ಜಿಎಸ್‌ಎಂ ವಾಟರ್‌ಕಲರ್ ಕಾಗದ ನಿನಗೆ ಈಗ ಬೇಡ. ಕ್ಯಾಮೆಲ್‌ನ ಚಿಕ್ಕ ವಾಟರ್‌ಕಲರ್ ಕೇಕ್ ಬಾಕ್ಸ್ ಒಂದು, ಒಂದು ದುಂಡು ಬ್ರಷ್, ಒಂದು ಕಪ್ಪು ಪೆನ್. ಅಂಟಿಸಲು ಗ್ಲೂ ಸ್ಟಿಕ್ ಒಳ್ಳೆಯದು, ಫೆವಿಕಾಲ್ ಜಾಸ್ತಿಯಾದರೆ ಹಾಳೆ ಮುದುರುತ್ತದೆ. ಮದುವೆ ಕರೆಯೋಲೆ, ಬಸ್ ಟಿಕೆಟ್, ಹಳೇ ಕ್ಯಾಲೆಂಡರ್, ಊದಿನಕಡ್ಡಿ ಪೊಟ್ಟಣ, ಪುಸ್ತಕದೊಳಗೆ ಒತ್ತಿ ಒಣಗಿಸಿದ ಹೂವು, ಇವೆಲ್ಲ ಪುಕ್ಕಟೆ.

ಊರಿಗೆ ಹೋದಾಗ ಅಡುಗೆಮನೆಯಲ್ಲಿ ಇದನ್ನು ಮಾಡಿ ನೋಡು. ಅರಿಶಿನವನ್ನು ನೀರಿನಲ್ಲಿ ಕದಡಿ ಕಾಗದಕ್ಕೆ ಬಳಿ. ಒಣಗಿದ ಮೇಲೆ ಸುಣ್ಣದ ತಿಳಿಯಲ್ಲಿ ಕಡ್ಡಿ ಅದ್ದಿ ಅದರ ಮೇಲೆ ಗೆರೆ ಎಳೆ. ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ, ಆರತಿಯ ಓಕುಳಿಯಲ್ಲಿ ಆಗುವುದೂ ಇದೇ. ಸುಣ್ಣ ಕಣ್ಣಿಗೆ ಹೋಗದ ಹಾಗೆ ನೋಡಿಕೋ, ಆಮೇಲೆ ಕೈ ತೊಳೆದುಕೋ. ಅರಿಶಿನ, ಬೀಟ್‌ರೂಟ್ ಬಣ್ಣ ಬೆಳಕಿಗೆ ಬೇಗ ಮಾಸುತ್ತವೆ. ಕೆಮ್ಮಣ್ಣು ಹಾಗಲ್ಲ, ಸ್ವಲ್ಪ ಗೋಂದು ಬೆರೆಸಿ ಹಚ್ಚಿದರೆ ವರ್ಷಗಟ್ಟಲೆ ಉಳಿಯುತ್ತದೆ. ಪರೀಕ್ಷೆಯ ತಿಂಗಳಲ್ಲಿ ದಿನಕ್ಕೊಂದು ಗೆರೆ ಎಳೆದರೂ ಸಾಕು, ಪೂರ್ತಿ ಬಿಡಬೇಡ ಅಷ್ಟೇ.

ಪ್ರಶ್ನೆ: ಅಮ್ಮ ಹೋಗಿ ಏಳು ತಿಂಗಳಾಯಿತು. ಮನಸ್ಸಿನ ಸಮಾಧಾನಕ್ಕೆ ಅಂತ ಡ್ರಾಯಿಂಗ್ ಬುಕ್ ಹಿಡಿದೆ. ಎಲ್ಲ ಪುಟವೂ ಕಪ್ಪೇ ಬರುತ್ತಿದೆ. ಮನೆಯವರು ಒಂದು ದಿನ ತೆಗೆದು ನೋಡಿ, ಮನೆಯಲ್ಲಿ ಇಂಥದ್ದೆಲ್ಲ ಇಡಬಾರದು, ಅಪಶಕುನ ಅಂದರು. ನನಗೂ ಹೆದರಿಕೆಯಾಗುತ್ತಿದೆ.
(ಒಬ್ಬ ಓದುಗಿ, ಉಡುಪಿ)

ಉತ್ತರ: ಅಮ್ಮನಿಗಾಗಿ ಬರುವ ಕಪ್ಪು ಅಪಶಕುನ ಹೇಗಾದೀತು? ದಯವಿಟ್ಟು ಹೆದರಬೇಡಿ. ನಿಮ್ಮ ಜಿಲ್ಲೆಯಲ್ಲೇ ನಾಗದೇವರ ಸೇವೆಗೆ ನೆಲದ ಮೇಲೆ ಬರೆಯುವ ನಾಗಮಂಡಲ ನೋಡಿರುತ್ತೀರಿ. ಅಲ್ಲಿ ಬರೆಯುವ ಐದು ಬಣ್ಣಗಳಲ್ಲಿ ಬಿಳಿ, ಹಳದಿ, ಕೆಂಪು, ಹಸಿರಿನ ಜೊತೆ ಕಪ್ಪೂ ಇದೆ. ದೇವರ ಮಂಡಲಕ್ಕೇ ಬೇಕಾದ ಬಣ್ಣ ನಿಮ್ಮ ಪುಟಕ್ಕೆ ಬೇಡವೇ? ಅಷ್ಟು ಹೊತ್ತು ಕೂತು ಬರೆದ ಮಂಡಲವನ್ನು ಸೇವೆ ಮುಗಿದ ಮೇಲೆ ಅಳಿಸಿಬಿಡುತ್ತಾರೆ. ನಿಮ್ಮ ಪುಟಗಳನ್ನೂ ಇಟ್ಟುಕೊಳ್ಳಲೇಬೇಕು ಅಂತಿಲ್ಲ. ಬರೆದಾಯಿತು, ಒಂದು ಹೊತ್ತು ನೋಡಿದಿರಿ, ಸಾಕು ಅನಿಸಿದರೆ ಹರಿದು ಮಣ್ಣಿಗೆ ಸೇರಿಸಿ, ಅಥವಾ ಅದರ ಮೇಲೆ ಇನ್ನೊಂದು ಕಾಗದ ಅಂಟಿಸಿ ಮುಂದಿನ ಪುಟ ಮಾಡಿ.

ಕಪ್ಪನ್ನು ಬಲವಂತವಾಗಿ ಬಿಡಿಸಿಕೊಳ್ಳಲು ಹೋಗಬೇಡಿ. ಕಪ್ಪಿನ ಪಕ್ಕದಲ್ಲಿ ಅಮ್ಮನದ್ದು ಏನಾದರೂ ಒಂದು ಬರಲಿ. ಅವರ ಸೀರೆಯ ಅಂಚಿನ ನಮೂನೆ, ಅವರು ಇಡುತ್ತಿದ್ದ ರಂಗೋಲಿ, ಅವರ ಕೈಬರಹದ ಸಾಮಾನು ಚೀಟಿ ಸಿಕ್ಕರೆ ಅದನ್ನೇ ಅಂಟಿಸಿ. ಅವರಿಗೆ ಹೇಳದೆ ಉಳಿದ ಮಾತಿದ್ದರೆ ಮೊದಲು ಬರೆದು, ಅದರ ಮೇಲೆ ಬಣ್ಣ ಬಳಿದುಬಿಡಿ. ಯಾರೂ ಓದಲಾರರು, ಆದರೆ ಆ ಮಾತು ಅಲ್ಲೇ ಇದೆ ಅಂತ ನಿಮಗೆ ಗೊತ್ತಿರುತ್ತದೆ. ದುಃಖದ ಪುಟಗಳಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಮನೆಯವರಿಗೆ ಮೆತ್ತಗೆ ಹೇಳಿ, ಇದು ನನ್ನ ಪ್ರಾರ್ಥನೆಯ ಪುಸ್ತಕ, ಕೇಳದೆ ತೆಗೆಯಬೇಡಿ ಅಂತ. ಅವರು ಹೆದರಿ ಹಾಗೆ ಅಂದಿರಬಹುದು.

ಇನ್ನೊಂದು ಮಾತು. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂತಿದ್ದರೆ ಪುಸ್ತಕ ಒಂದೇ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಮುಂದೂಡಬೇಡಿ.

ಪ್ರಶ್ನೆ: ನಾನು ಕೆಲವು ತಿಂಗಳಿಂದ ಮಾಡುತ್ತಿದ್ದೇನೆ. ಪುಟಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಬಹುದೇ? ನಾಲ್ಕು ಜನ ನೋಡಿದರೆ ಹುರುಪು ಬರುತ್ತದೆ.
(ಕನ್ನಡತಿ, ನ್ಯೂಜೆರ್ಸಿ)

ಉತ್ತರ: ಹುರುಪು ಬರುತ್ತದೆ, ಒಪ್ಪುತ್ತೇನೆ. ಆದರೆ ಮುಂದಿನ ಪುಟಕ್ಕೆ ಕೂರುವಾಗ ಆ ನಾಲ್ಕು ಜನರೂ ಪಕ್ಕದಲ್ಲಿ ಬಂದು ಕೂರುತ್ತಾರೆ. ಬಣ್ಣ ಆರಿಸುವುದು ಅವರಿಗಾಗಿ ಆಗಿಬಿಡುತ್ತದೆ. ನೀವು ದೇವರಿಗೋ ನಿಮಗೋ ಹೇಳಲು ಕೂತ ಮಾತು ಅಲ್ಲಿಗೆ ತಪ್ಪಿಹೋಗುತ್ತದೆ. ಚಂದದ ಚಿತ್ರ ಹಾಕುವ ಆಸೆ ಇದ್ದರೆ ಬೇರೆ ಪುಸ್ತಕದಲ್ಲಿ ಬರೆದು ಧಾರಾಳವಾಗಿ ಹಾಕಿ. ಈ ಪುಸ್ತಕವನ್ನು ಹಾಕಬೇಡಿ. ಒಬ್ಬ ಗೆಳತಿ ಬೇಕು ಅನಿಸಿದರೆ ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಇಬ್ಬರೂ ಅವರವರ ಪುಟದ ಮುಂದೆ ಮಾತಿಲ್ಲದೆ ಅರ್ಧ ಗಂಟೆ ಕೂತು ಬರೆಯಿರಿ. ಒಬ್ಬರದ್ದು ಒಬ್ಬರು ನೋಡಬೇಕಾಗಿಲ್ಲ. ಹುರುಪೂ ಉಳಿಯುತ್ತದೆ.

ಪ್ರಶ್ನೆ: ತುಂಬಿದ ಪುಸ್ತಕಗಳನ್ನು ಏನು ಮಾಡಬೇಕು? ನಮ್ಮಲ್ಲಿ ಮಳೆಗಾಲಕ್ಕೆ ಬೂಷ್ಟು ಬರುತ್ತದೆ.
(ಓದುಗರು, ತೀರ್ಥಹಳ್ಳಿ)

ಉತ್ತರ: ಬರೆದ ಕೂಡಲೇ ಮುಚ್ಚಬೇಡಿ, ಪುಟ ಪೂರ್ತಿ ಒಣಗಲಿ. ಮಳೆಗಾಲದಲ್ಲಿ ನೀರಿನ ಬಣ್ಣ ಕಡಿಮೆ ಮಾಡಿ ಬಣ್ಣದ ಪೆನ್ಸಿಲ್ ಹಿಡಿಯಿರಿ. ತುಂಬಿದ ಪುಸ್ತಕಗಳನ್ನು ಗೋಡೆಗೆ ತಾಗಿಸದೆ, ಬಿಗಿ ಮುಚ್ಚಳದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹುಳಕ್ಕೆ ಚೆನ್ನಾಗಿ ಒಣಗಿದ ಬೇವಿನ ಎಲೆ ಹಾಕಬಹುದು, ಹಸಿ ಎಲೆ ಹಾಕಿದರೆ ಅದರಿಂದಲೇ ಬೂಷ್ಟು. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ತೆಗೆದು ಮೊದಲಿಂದ ನೋಡಿ. ಯಾವ ಬಣ್ಣ ಎಲ್ಲಿಂದ ಶುರುವಾಯಿತು, ಯಾವ ಚಿತ್ರ ಮತ್ತೆ ಮತ್ತೆ ಬಂತು ಅಂತ ಆಗಲೇ ಕಾಣುವುದು, ಅದಕ್ಕೇ ತಾರೀಖು ಹಾಕಿ ಅಂತ ಎಲ್ಲರಿಗೂ ಹೇಳುತ್ತೇನೆ. ಆಯಿಲ್ ಪೇಸ್ಟಲ್ ಬಳಸಿದ ಪುಟಗಳ ನಡುವೆ ಬಟರ್ ಪೇಪರ್ ಇಡಿ, ಇಲ್ಲದಿದ್ದರೆ ಎದುರು ಪುಟಕ್ಕೆ ಮೆತ್ತಿಕೊಳ್ಳುತ್ತದೆ.